2147483647: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಹತ್ತಂಕಿಯ ಸಂಖ್ಯೆಯನ್ನು ಹುಡುಕಿಕೊಂಡು ಬರುವವರು ಎರಡು ಥರ. ಕೆಲವರು ಗಣಿತದ ಕಡೆಯಿಂದ ಬರುತ್ತಾರೆ. ಅವರಿಗೆ ಇದು 18ನೇ ಶತಮಾನದ ಗಣಿತಜ್ಞ ಆಯ್ಲರ್ ಗೆದ್ದ ಸಂಖ್ಯೆ. ಉಳಿದವರು ಪ್ರೋಗ್ರಾಂ ಬರೆಯುವಾಗ ಎಡವಿ ಬರುತ್ತಾರೆ. ಅವರಿಗೆ ಇದು ತಲೆನೋವಿನ ಸಂಖ್ಯೆ. ಎರಡೂ ಕಡೆಯವರ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೇ ಇಟ್ಟಿದ್ದೇವೆ. ಹೈಸ್ಕೂಲಿನ ಗಣಿತ ನೆನಪಿದ್ದರೆ ಸಾಕು. ಒಂದೆರಡು ಕಡೆ ಮಾತ್ರ ಪೆನ್ನು, ಹಾಳೆ ಬೇಕಾಗಬಹುದು.

ಮೊದಲು, ಇದನ್ನು ಓದುವುದು ಹೇಗೆ?

ಇನ್ನೂರ ಹದಿನಾಲ್ಕು ಕೋಟಿ, ಎಪ್ಪತ್ತನಾಲ್ಕು ಲಕ್ಷ, ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ನಮ್ಮ ರೀತಿಯಲ್ಲಿ ಕಾಮಾ ಹಾಕಿದರೆ 2,14,74,83,647. ಹೊರದೇಶದ ಪುಸ್ತಕಗಳಲ್ಲಿ 2,147,483,647 ಎಂದಿರುತ್ತದೆ.

ನೋಡಿದರೆ ಲಾಟರಿ ಟಿಕೆಟ್ ನಂಬರ್ ಥರ ಇದೆ. ಇದರಲ್ಲಿ ಏನು ವಿಶೇಷ?

ಹತ್ತರ ಪದ್ಧತಿಯಲ್ಲಿ ಬರೆದಾಗ ಹಾಗೆ ಕಾಣುತ್ತದೆ, ಅಷ್ಟೇ. ಬೈನರಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಇರುವ ಎರಡರ ಪದ್ಧತಿಯಲ್ಲಿ ಬರೆದು ನೋಡಿ:

111 1111 1111 1111 1111 1111 1111 1111

ಸಾಲಾಗಿ 31 ಒಂದುಗಳು, ಮಧ್ಯೆ ಒಂದೂ ಸೊನ್ನೆ ಇಲ್ಲ. ಅಂದರೆ ಇದು 2³¹ − 1. ಎರಡನ್ನು ಎರಡರಿಂದ ಗುಣಿಸುತ್ತಾ 31 ಎರಡುಗಳ ಗುಣಲಬ್ಧಕ್ಕೆ ಬಂದು, ಅದರಿಂದ ಒಂದು ಕಳೆದರೆ ಸಿಗುವ ಸಂಖ್ಯೆ.

ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಅಂತ ದುಪ್ಪಟ್ಟು ಮಾಡುತ್ತಾ ಹೋಗುವ ಹಳೆಯ ಕತೆ ಗೊತ್ತಲ್ವಾ? ಆ ಲೆಕ್ಕದಲ್ಲಿ 31 ಮನೆ ತುಂಬಿದಾಗ ಹಲಗೆಯ ಮೇಲಿರುವ ಒಟ್ಟು ಕಾಳು ಸರಿಯಾಗಿ 2147483647. ಹಲಗೆ ಇನ್ನೂ ಅರ್ಧವೂ ತುಂಬಿಲ್ಲ. ಮುಂದಿನ ಮನೆಯೊಂದಕ್ಕೇ 2147483648 ಕಾಳು ಬೇಕು. ಅಂದರೆ ಹಿಂದಿನ ಎಲ್ಲ ಮನೆ ಸೇರಿಸಿದ್ದಕ್ಕಿಂತ ಒಂದು ಜಾಸ್ತಿ.

ಇದು ಅವಿಭಾಜ್ಯ ಸಂಖ್ಯೆಯೇ?

ಹೌದು. 1772ರಿಂದ ಈ ಬಗ್ಗೆ ಅನುಮಾನವಿಲ್ಲ.

2ರ ಘಾತದಿಂದ ಒಂದು ಕಳೆದರೆ ಯಾವಾಗಲೂ ಅವಿಭಾಜ್ಯವೇ ಸಿಗುತ್ತದೆಯೇ?

ಇಲ್ಲ. ಘಾತವೇ ಸಂಯುಕ್ತ ಸಂಖ್ಯೆಯಾದರೆ ಆಟ ಅಲ್ಲಿಗೇ ಮುಗಿಯಿತು. 2⁶ − 1 ಎಂದರೆ 63. 6ರೊಳಗೆ 2 ಮತ್ತು 3 ಇರುವುದರಿಂದ, 63ರೊಳಗೆ 2² − 1 ಅಂದರೆ 3 ಮತ್ತು 2³ − 1 ಅಂದರೆ 7 ಇದ್ದೇ ಇರುತ್ತವೆ. ಹಾಗಾಗಿ ಘಾತ ಅವಿಭಾಜ್ಯವಾಗಿರಲೇಬೇಕು. ಆದರೆ ಅಷ್ಟೇ ಸಾಲದು. 11 ಅವಿಭಾಜ್ಯ, ಆದರೂ 2¹¹ − 1 = 2047 = 23 × 89.

ಈ ಪರೀಕ್ಷೆ ದಾಟಿದ ಸಂಖ್ಯೆಗಳಿಗೆ ಮರ್ಸೆನ್ ಅವಿಭಾಜ್ಯಗಳು ಎಂದು ಹೆಸರು. ಮರ್ಸೆನ್ 17ನೇ ಶತಮಾನದ ಫ್ರಾನ್ಸಿನ ಒಬ್ಬ ಪಾದ್ರಿ. 257ರವರೆಗೆ ಯಾವ ಘಾತಗಳು ಅವಿಭಾಜ್ಯ ಕೊಡುತ್ತವೆ ಎಂದು 1644ರಲ್ಲಿ ಪಟ್ಟಿ ಕೊಟ್ಟ: 2, 3, 5, 7, 13, 17, 19, 31, 67, 127, 257. ಇದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟೇ ಹೋಗಿವೆ. ಐದು ತಪ್ಪು ಮಾಡಿದವನ ಹೆಸರು ಶಾಶ್ವತವಾಗಿ ಉಳಿಯಿತು ನೋಡಿ! ಆದರೆ 31ರ ವಿಷಯದಲ್ಲಿ ಅವನ ಮಾತು ನಿಜವಾಯಿತು. 2147483647 ಎಂಟನೆಯ ಮರ್ಸೆನ್ ಅವಿಭಾಜ್ಯ.

ಅವನಿಗಿಂತ ಮುಂಚೆ ಇಟಲಿಯ ಗಣಿತಜ್ಞ ಕಟಾಲ್ಡಿ 17 ಮತ್ತು 19 ಎಂಬ ಘಾತಗಳು ಅವಿಭಾಜ್ಯ ಕೊಡುತ್ತವೆ ಎಂದು ಪೂರ್ತಿ ಭಾಗಾಕಾರ ಮಾಡಿಯೇ ಸಾಬೀತು ಮಾಡಿದ್ದ. ಆಮೇಲೆ ಹುಮ್ಮಸ್ಸಿನಲ್ಲಿ 23, 29, 31, 37 ಕೂಡ ಅವಿಭಾಜ್ಯ ಕೊಡುತ್ತವೆ ಎಂದುಬಿಟ್ಟ. ನಾಲ್ಕರಲ್ಲಿ ಸರಿಯಾದದ್ದು ಒಂದೇ, 31. ಉದಾಹರಣೆಗೆ 2²³ − 1 ಅನ್ನು 47 ಭಾಗಿಸುತ್ತದೆ, 2²⁹ − 1 ಅನ್ನು 233 ಭಾಗಿಸುತ್ತದೆ.

ಆಯ್ಲರ್ ಇದನ್ನು ಕೈಲೆಕ್ಕದಲ್ಲಿ ಹೇಗೆ ಸಾಬೀತು ಮಾಡಿದ?

ಈ ಪುಟದಲ್ಲಿ ನಮಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ನಮ್ಮ ಸಂಖ್ಯೆಯ ವರ್ಗಮೂಲ 46340ಕ್ಕಿಂತ ತುಸು ಜಾಸ್ತಿ. ಅಲ್ಲಿಯವರೆಗೆ ನಾಲ್ಕೂವರೆ ಸಾವಿರಕ್ಕಿಂತ ಹೆಚ್ಚು ಅವಿಭಾಜ್ಯಗಳಿವೆ. ಅಷ್ಟು ಭಾಗಾಕಾರ ಮಾಡಿದರೂ ಉತ್ತರ ಸಿಗುತ್ತದೆ, ಆದರೆ ಅಷ್ಟು ಹೊತ್ತಿಗೆ ಸಾಕಪ್ಪಾ ಸಾಕು ಅನ್ನಿಸಿರುತ್ತದೆ. ಆಯ್ಲರ್ ಆಗ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ, ಅರವತ್ತು ದಾಟಿತ್ತು, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಸುಮ್ನೆ ಭಾಗಿಸುತ್ತಾ ಕೂರುವ ಬದಲು, ಭಾಗಿಸಬಲ್ಲ ಸಂಖ್ಯೆ ಹೇಗಿರಬೇಕು ಎಂದು ಮೊದಲು ಯೋಚಿಸಿದ. ಇವತ್ತಿನ ಮಾತಿನಲ್ಲಿ ಹೇಳಿದರೆ ಅದು ಹೀಗಿದೆ.

2³¹ − 1 ಅನ್ನು 'ಪ' ಎಂಬ ಅವಿಭಾಜ್ಯ ಭಾಗಿಸುತ್ತದೆ ಎಂದುಕೊಳ್ಳಿ. 2, 4, 8, 16 ಹೀಗೆ 2ರ ಘಾತಗಳನ್ನೆಲ್ಲ ಪ-ಯಿಂದ ಭಾಗಿಸಿ ಶೇಷ ಬರೆಯುತ್ತಾ ಹೋಗಿ. 31ನೇ ಘಾತಕ್ಕೆ ಶೇಷ 1 ಬರುತ್ತದೆ, ಅಲ್ಲಿಂದ ಶೇಷಗಳು ಮತ್ತೆ ಮೊದಲಿನಿಂದ ಸುತ್ತುತ್ತವೆ. ಈ ಸುತ್ತಿನ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯವಾದ್ದರಿಂದ ಸುತ್ತಿನ ಉದ್ದ 31 ಬಿಟ್ಟು ಬೇರೆ ಆಗಲಾರದು. ಇನ್ನೊಂದು ಕಡೆ, 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಹೇಳಿದ ಒಂದು ಪ್ರಮೇಯದ ಪ್ರಕಾರ ಪ − 1ನೇ ಘಾತಕ್ಕೂ ಶೇಷ 1 ಬರಲೇಬೇಕು. ಹಾಗಾದರೆ ಪ − 1ರಲ್ಲಿ 31ರ ಸುತ್ತುಗಳು ಪೂರ್ತಿ ಪೂರ್ತಿ ಕೂರಬೇಕು. ಪ ಬೆಸ, ಅಂದರೆ ಪ − 1 ಸಮ. ಆದ್ದರಿಂದ ಪ − 1 ಎಂಬುದು 62ರ ಗುಣಕ. ಒಂದೇ ಏಟಿಗೆ ಬಹುಪಾಲು ಅವಿಭಾಜ್ಯಗಳು ಉದುರಿ ಹೋದವು.

ಎರಡನೇ ಜರಡಿ ಇನ್ನೂ ಚೆನ್ನಾಗಿದೆ. 2³¹ಕ್ಕೆ ಶೇಷ 1 ಎಂದರೆ 2³²ಕ್ಕೆ ಶೇಷ 2. ಆದರೆ 2³² ಒಂದು ಪೂರ್ಣ ವರ್ಗ, 65536ರ ವರ್ಗ. ಒಂದು ವರ್ಗವನ್ನು ಪ-ಯಿಂದ ಭಾಗಿಸಿದಾಗ ಶೇಷ 2 ಬರುವುದು, ಪ-ಯನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದರೆ ಮಾತ್ರ. ಎರಡೂ ಷರತ್ತು ಸೇರಿಸಿದರೆ ಪ-ಯನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಇರಬೇಕು. ಬೇರೆ ದಾರಿಯೇ ಇಲ್ಲ.

46340ರವರೆಗೆ ಅಂಥ ಸಂಖ್ಯೆಗಳು 372 ಮಾತ್ರ (1 ಮತ್ತು 63ನ್ನು ಬಿಟ್ಟು). ಅವುಗಳಲ್ಲೂ ಬಹಳಷ್ಟು ಸಂಯುಕ್ತ ಸಂಖ್ಯೆಗಳೇ, ಅವನ್ನೂ ಬಿಡಬಹುದು. ಶುರುವಿನಲ್ಲೇ ನೋಡಿ: 249 ಎಂದರೆ 3 × 83, ಬೇಡ. 311 ಅವಿಭಾಜ್ಯ, ಭಾಗಿಸಿ ನೋಡಬೇಕು. ಶೇಷ 35 ಬರುತ್ತದೆ. ಆಮೇಲೆ 497, 559, 745, 807, 993, 1055, 1241 ಎಲ್ಲವೂ ಸಂಯುಕ್ತ. ಮುಂದೆ ಭಾಗಿಸಬೇಕಾದದ್ದು 1303, ಅದಕ್ಕೆ ಶೇಷ 226. ಹೀಗೆ ಕೊನೆಯವರೆಗೆ ಹೋದರೂ ಎಲ್ಲೂ ಸೊನ್ನೆ ಬರುವುದಿಲ್ಲ. ಆಯ್ಲರ್ ಈ ಫಲಿತಾಂಶವನ್ನು 1772ರಲ್ಲಿ ಗಣಿತಜ್ಞರಿಗೆ ಹೆಸರಾದ ಬರ್ನೂಲಿ ಮನೆತನದವರೊಬ್ಬರಿಗೆ ಬರೆದ ಪತ್ರದಲ್ಲಿ ತಿಳಿಸಿದ.

ಸೂಪರ್ ಕಂಪ್ಯೂಟರ್ ಸುದ್ದಿಗಳಿಗಿಂತ ಈ 372 ನಮಗೆ ಹೆಚ್ಚು ಮೆಚ್ಚುಗೆಯಾಗುವುದು ಯಾಕೆಂದರೆ, ಇಲ್ಲಿ ಕೆಲಸ ಕಡಿಮೆಯಾದದ್ದು ವೇಗದಿಂದಲ್ಲ, ಯೋಚನೆಯಿಂದ.

ಇದೇ ಅತಿ ದೊಡ್ಡ ಅವಿಭಾಜ್ಯ ಎನ್ನುತ್ತಾರಲ್ಲ, ನಿಜವೇ?

ಒಂದು ಕಾಲದಲ್ಲಿ ನಿಜವಾಗಿತ್ತು, ಅದೂ 'ಗೊತ್ತಿರುವುದರಲ್ಲಿ ದೊಡ್ಡದು' ಎಂಬ ಅರ್ಥದಲ್ಲಿ. ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ತೋರಿಸಿದ್ದಾನೆ. 1772ರ ನಂತರ ಸುಮಾರು ಎಂಬತ್ತು ವರ್ಷ ಈ ದಾಖಲೆಯನ್ನು ಯಾರೂ ಮುರಿಯಲಿಲ್ಲ. 1876ರಲ್ಲಿ ಫ್ರಾನ್ಸಿನ ಲೂಕಾ ಹೊಸ ವಿಧಾನದಿಂದ 39 ಅಂಕಿಯ 2¹²⁷ − 1 ಅವಿಭಾಜ್ಯ ಎಂದು ತೋರಿಸಿದ. ಆಮೇಲೆ ಈ ಓಟದ ಗತಿಯೇ ಬದಲಾಯಿತು.

2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಂಟ್ ಅವರು 2¹³⁶²⁷⁹⁸⁴¹ − 1 ಅವಿಭಾಜ್ಯ ಎಂದು ಕಂಡುಹಿಡಿದರು. ಇದರಲ್ಲಿ 4,10,24,320 ಅಂಕಿಗಳಿವೆ. ನಮ್ಮ ಹತ್ತಂಕಿಯವನ ವಂಶದ್ದೇ, ಗೊತ್ತಿರುವ 52ನೇ ಮರ್ಸೆನ್ ಅವಿಭಾಜ್ಯ.

ಪರಿಪೂರ್ಣ ಸಂಖ್ಯೆಗೂ ಇದಕ್ಕೂ ಏನು ಸಂಬಂಧ?

6ನ್ನು ತೆಗೆದುಕೊಳ್ಳಿ. ಅದಕ್ಕಿಂತ ಚಿಕ್ಕದಾದ ಭಾಜಕಗಳು 1, 2, 3. ಕೂಡಿದರೆ 6. 28ಕ್ಕೂ ಹಾಗೇ: 1 + 2 + 4 + 7 + 14 = 28. ಇಂಥವು ಪರಿಪೂರ್ಣ ಸಂಖ್ಯೆಗಳು. 28 ಎಂದರೆ 4 × 7. ಇದರಲ್ಲಿ 7 ಮರ್ಸೆನ್ ಅವಿಭಾಜ್ಯ, 4 ಅದಕ್ಕೆ ಜೋಡಿಯಾದ 2ರ ಘಾತ. ಪ್ರತಿ ಮರ್ಸೆನ್ ಅವಿಭಾಜ್ಯವೂ ಹೀಗೆ ಒಂದು ಪರಿಪೂರ್ಣ ಸಂಖ್ಯೆ ಕೊಡುತ್ತದೆ ಎಂದು ಯೂಕ್ಲಿಡ್ ತೋರಿಸಿದ. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೇ ಹುಟ್ಟಬೇಕು ಎಂದು ತೋರಿಸಿದ್ದು ಮತ್ತೆ ಆಯ್ಲರ್.

ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ ಸಿಗುವುದು 2305843008139952128, ಎಂಟನೇ ಪರಿಪೂರ್ಣ ಸಂಖ್ಯೆ. ಇನ್ನೊಂದು ರೀತಿಯಲ್ಲೂ ಇದೇ ಸಿಗುತ್ತದೆ. 1ರಿಂದ 2147483647ರವರೆಗಿನ ಎಲ್ಲ ಸಂಖ್ಯೆಗಳನ್ನು ಕೂಡಿ, ಉತ್ತರ ಇದೇ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ತನ್ನ ಪುಸ್ತಕದಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಎಂದೂ ಹುಡುಕಲಾರರು ಎಂದು ಬರೆದ. ಕಾರಣ? ಇವು ಕುತೂಹಲಕ್ಕಷ್ಟೇ, ಉಪಯೋಗವೇನೂ ಇಲ್ಲ, ಯಾರು ತಾನೇ ಕಷ್ಟಪಡುತ್ತಾರೆ ಎಂದು. ಉಪಯೋಗವಿಲ್ಲದ ಕೆಲಸಕ್ಕೆ ಜನ ಎಷ್ಟು ಕಷ್ಟಪಡುತ್ತಾರೆ ಎಂಬ ಅಂದಾಜು ಪಾಪ ಅವನಿಗಿರಲಿಲ್ಲ. 1883ರಲ್ಲಿ ರಷ್ಯಾದ ಪೆರ್ವುಶಿನ್ 2⁶¹ − 1 ಅವಿಭಾಜ್ಯ ಎಂದು ತೋರಿಸಿದಾಗ ಒಂಬತ್ತನೇ ಪರಿಪೂರ್ಣ ಸಂಖ್ಯೆಯೂ ಬಂತು.

'ಡಬಲ್ ಮರ್ಸೆನ್' ಎಂದರೇನು?

ಘಾತದಲ್ಲಿರುವ 31 ಕೂಡ 2⁵ − 1, ಅಂದರೆ ಅದೂ ಮರ್ಸೆನ್ ಅವಿಭಾಜ್ಯವೇ. ಹೀಗೆ ಘಾತದಲ್ಲೂ ಮರ್ಸೆನ್, ಉತ್ತರದಲ್ಲೂ ಮರ್ಸೆನ್ ಆದ ಅವಿಭಾಜ್ಯಗಳು ಇದುವರೆಗೆ ನಾಲ್ಕೇ ಸಿಕ್ಕಿವೆ: 7, 127, 2147483647 ಮತ್ತು 2¹²⁷ − 1. ಇದು ಬಹಳ ಚಿಕ್ಕ ಕೂಟ.

ಹಾಗಾದರೆ ಇನ್ನೂ ಒಂದು ಮೆಟ್ಟಿಲು ಹತ್ತಿ 2147483647ನ್ನೇ ಘಾತ ಮಾಡಿದರೆ? 2²¹⁴⁷⁴⁸³⁶⁴⁷ − 1 ಎಂಬುದರಲ್ಲಿ 64 ಕೋಟಿಗೂ ಮೀರಿ ಅಂಕಿಗಳಿವೆ. ಅದು ಅವಿಭಾಜ್ಯವಲ್ಲ, 295257526626031 ಅದನ್ನು ಭಾಗಿಸುತ್ತದೆ. ಅಷ್ಟು ದೊಡ್ಡದರ ಭಾಜಕ ಹೇಗೆ ಸಿಕ್ಕಿತು ಎಂದು ಆಶ್ಚರ್ಯವೇ? ಮೇಲೆ ಹೇಳಿದ ಮೊದಲ ಜರಡಿಯೇ ಇಲ್ಲೂ ಕೆಲಸ ಮಾಡುತ್ತದೆ. ಭಾಜಕದಿಂದ ಒಂದು ಕಳೆದರೆ ಅದು 2 × 2147483647ರ ಗುಣಕವಾಗಿರಬೇಕು. ಲೆಕ್ಕ ಹಾಕಿ ನೋಡಿ, ಅದು ಸರಿಯಾಗಿ 68,745 ಪಟ್ಟು.

ಅಕ್ಕಪಕ್ಕದ ಸಂಖ್ಯೆಗಳು ಹೇಗಿವೆ? ಇದಕ್ಕೆ ಅವಳಿ ಇದೆಯೇ?

ಅವಳಿ, ಅಂದರೆ ಎರಡರ ಅಂತರದಲ್ಲಿರುವ ಇನ್ನೊಂದು ಅವಿಭಾಜ್ಯ, ಇಲ್ಲ. ಎರಡು ಕಳೆದರೆ 2147483645, ಕೊನೆಯಲ್ಲಿ 5. ಎರಡು ಕೂಡಿದರೆ 2147483649, ಅದು 3 × 715827883. ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659.

ಒಂದು ಕಳೆದರೆ 2147483646 = 2 × 3² × 7 × 11 × 31 × 151 × 331. ಇಷ್ಟು ದೊಡ್ಡ ಸಂಖ್ಯೆ ಇಷ್ಟು ಚಿಕ್ಕ ತುಂಡುಗಳಾಗಿ ಒಡೆಯುವುದು ಅಪರೂಪ.

ದುಪ್ಪಟ್ಟು ಮಾಡಿ ಒಂದು ಕೂಡಿದಾಗ ಅವಿಭಾಜ್ಯ ಬಂದರೆ ಸೋಫಿ ಜರ್ಮೇನ್ ಅವಿಭಾಜ್ಯ ಎನ್ನುತ್ತಾರೆ. ಇದು ಆ ಗುಂಪಿಗೆ ಸೇರುವುದಿಲ್ಲ. ಆದರೆ ಅಲ್ಲಿ ಸಿಗುವುದು ಬಲು ಚಂದದ ಸಂಖ್ಯೆ: 4294967295 = 3 × 5 × 17 × 257 × 65537. 2ರ ಘಾತಕ್ಕೆ ಒಂದು ಕೂಡಿದಾಗ ಸಿಗುವ ಫರ್ಮಾ ಅವಿಭಾಜ್ಯಗಳಲ್ಲಿ ಗೊತ್ತಿರುವ ಐದೂ ಒಟ್ಟಿಗೆ!

ಇನ್ನು ಯಾವ ಯಾವ ಗುಂಪಿಗೆ ಸೇರುತ್ತದೆ?

ಬೆಸ ಸಂಖ್ಯೆ. ಎಲ್ಲ ಅವಿಭಾಜ್ಯಗಳ ಹಾಗೆ 'ಕೊರತೆಯ ಸಂಖ್ಯೆ', ಅಂದರೆ ತನಗಿಂತ ಚಿಕ್ಕ ಭಾಜಕಗಳ ಮೊತ್ತ ತನಗಿಂತ ಕಡಿಮೆ. ಬೈನರಿಯಲ್ಲಿ ಪಾಲಿಂಡ್ರೋಮ್, ಹಿಂದಿನಿಂದ ಓದಿದರೂ ಅದೇ. ಹತ್ತರ ಪದ್ಧತಿಯಲ್ಲಿ ತಿರುಗಿಸಿದರೆ ಮಾತ್ರ 7463847412 ಎಂಬ ಸಮ ಸಂಖ್ಯೆ ಬರುತ್ತದೆ.

4ರಿಂದ ಭಾಗಿಸಿದರೆ ಶೇಷ 3, ಹಾಗಾಗಿ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬರುವುದಿಲ್ಲ. 8ರಿಂದ ಭಾಗಿಸಿದರೆ ಶೇಷ 7, ಹಾಗಾಗಿ ಮೂರು ವರ್ಗಗಳೂ ಸಾಲವು. ನಾಲ್ಕು ಬೇಕೇ ಬೇಕು. ಇಗೋ ಒಂದು ದಾರಿ: 46339² + 425² + 10² + 1².

ಅಂಕಿಗಳನ್ನು ಕೂಡಿದರೆ 46, ಮತ್ತೆ ಕೂಡಿದರೆ 10, ಕೊನೆಗೆ 1. ನ್ಯೂಮರಾಲಜಿಯವರು ಇದರಲ್ಲಿ ಏನು ಬೇಕಾದರೂ ಕಾಣಬಹುದು. ಗಣಿತಕ್ಕೆ ಇದು ಹೇಳುವುದು ಇಷ್ಟೇ: 9ರಿಂದ ಭಾಗಿಸಿದರೆ ಶೇಷ 1.

ಕಂಪ್ಯೂಟರಿನಲ್ಲಿ ಇದು ಯಾಕೆ ಮತ್ತೆ ಮತ್ತೆ ಕಾಣಿಸುತ್ತದೆ?

ಅನೇಕ ಭಾಷೆಗಳಲ್ಲಿ ಮಾಮೂಲಿ ಪೂರ್ಣಾಂಕಕ್ಕೆ 32 ಬಿಟ್, ಅಂದರೆ 32 ಬೈನರಿ ಅಂಕಿಗಳ ಜಾಗ. ಅದರಲ್ಲಿ ಒಂದು ಬಿಟ್ ಧನವೋ ಋಣವೋ ಎಂಬುದನ್ನು ತೋರಿಸುತ್ತದೆ. ಉಳಿದ 31ನ್ನೂ ಒಂದುಗಳಿಂದ ತುಂಬಿದರೆ 2147483647. ಅದೇ ಗರಿಷ್ಠ. ಹೆಕ್ಸ್‌ನಲ್ಲಿ (ಹದಿನಾರರ ಪದ್ಧತಿಯಲ್ಲಿ) ಬರೆದರೆ ಒಂದು 7, ಅದರ ಮುಂದೆ ಏಳು ಎಫ್‌ಗಳು.

ಇದಕ್ಕೆ ಒಂದು ಕೂಡಿದರೆ ಏನಾಗುತ್ತದೆ ಎಂಬುದು ಭಾಷೆಯ ಮೇಲೆ ನಿಂತಿದೆ. ಜಾವಾದಲ್ಲಿ ಗಪ್‌ಚುಪ್ ಆಗಿ −2147483648ಕ್ಕೆ ಜಿಗಿಯುತ್ತದೆ. ಸಿ ಭಾಷೆಯಲ್ಲಿ ಏನಾಗಬೇಕೆಂಬ ನಿಯಮವೇ ಇಲ್ಲ, ಏನು ಬೇಕಾದರೂ ಆಗಬಹುದು. ಪೈಥಾನ್‌ನಲ್ಲಿ ಈ ಗೋಡೆಯೇ ಇಲ್ಲ. ಋಣದ ಕಡೆ ಒಂದು ಸಂಖ್ಯೆ ಜಾಸ್ತಿ ಇದೆ, ಗಮನಿಸಿ. ಅದರಿಂದಲೇ ಜಾವಾದಲ್ಲಿ −2147483648ರ ಋಣ ಚಿಹ್ನೆ ತೆಗೆಯಲು ಹೋದರೆ ಉತ್ತರ ಮತ್ತೆ ಋಣವೇ ಬರುತ್ತದೆ.

ಅವಿಭಾಜ್ಯ ಎಂಬ ಕಾರಣಕ್ಕೇ ಇದನ್ನು ಮಿತಿಯಾಗಿ ಆರಿಸಿದರೇ?

ಅಲ್ಲ. ಈ ತಪ್ಪು ಕಲ್ಪನೆ ಬಹಳ ಜನರಿಗಿದೆ. 32 ಬಂದದ್ದು ಯಂತ್ರದ ಅನುಕೂಲಕ್ಕೆ. ಒಂದು ಬಿಟ್ ಚಿಹ್ನೆಗೆ ಹೋಗಿ 31 ಉಳಿದದ್ದು, ಆ 31 ಅವಿಭಾಜ್ಯ ಕೊಟ್ಟದ್ದು ಎಲ್ಲ ಕಾಕತಾಳೀಯ. 16 ಬಿಟ್‌ನ ಗರಿಷ್ಠ 32767 ಎಂದರೆ 7 × 31 × 151. 64 ಬಿಟ್‌ನ ಗರಿಷ್ಠ 9223372036854775807 ಕೂಡ 7ರಿಂದ ಭಾಗವಾಗುತ್ತದೆ. ಎಂಟು ಬಿಟ್‌ನ 127 ಮತ್ತು ನಮ್ಮ ಈ ಸಂಖ್ಯೆಗೆ ಮಾತ್ರ ಅದೃಷ್ಟ ಕೂಡಿಬಂದಿದೆ.

ನಮ್ಮ ಡೇಟಾಬೇಸ್ ಟೇಬಲ್‌ನಲ್ಲಿ ಎಲ್ಲರ ಮೊಬೈಲ್ ನಂಬರೂ 2147483647 ಆಗಿಬಿಟ್ಟಿದೆ. ಹ್ಯಾಕ್ ಆಗಿದೆಯೇ?

ಇಲ್ಲ, ಗಾಬರಿ ಬೇಡ. ಮೈಎಸ್‌ಕ್ಯೂಎಲ್‌ನಲ್ಲಿ ಆ ಕಾಲಂ 32 ಬಿಟ್ ಪೂರ್ಣಾಂಕ, ಜೊತೆಗೆ ಮಿತಿ ಮೀರಿದ್ದನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್ ಆಫ್ ಇದೆ, ಅಷ್ಟೇ. ಭಾರತದ ಮೊಬೈಲ್ ನಂಬರುಗಳು 6, 7, 8, 9ರಿಂದ ಶುರುವಾಗುವ ಹತ್ತಂಕಿಗಳು. ಒಂದೂ ಈ ಮಿತಿಯೊಳಗೆ ಕೂರುವುದಿಲ್ಲ. ಡೇಟಾಬೇಸ್ ಪ್ರತಿಯೊಂದನ್ನೂ ಗರಿಷ್ಠಕ್ಕೆ ಕತ್ತರಿಸಿ ಇಟ್ಟುಕೊಂಡಿದೆ. ಕೆಟ್ಟ ಸುದ್ದಿ ಏನೆಂದರೆ ಮೂಲ ನಂಬರುಗಳು ಆ ಟೇಬಲ್‌ನಲ್ಲಿ ಉಳಿದಿಲ್ಲ. ಫೋನ್ ನಂಬರನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ. ಅದನ್ನು ಪಠ್ಯವಾಗಿಯೇ ಇಡಿ.

ಹಣದ ಲೆಕ್ಕಕ್ಕೆ 214 ಕೋಟಿ ಸಾಕಲ್ವಾ?

ರೂಪಾಯಿಯಲ್ಲಾದರೆ ಸಣ್ಣ ಅಂಗಡಿಗೆ ಸಾಕು. ಆದರೆ ದಶಮಾಂಶದ ರಗಳೆ ಬೇಡವೆಂದು ಹಲವರು ಪೈಸೆಯಲ್ಲಿ ಇಡುತ್ತಾರೆ. ಆಗ ಗರಿಷ್ಠ 2,14,74,836 ರೂಪಾಯಿ 47 ಪೈಸೆ. ಬೆಂಗಳೂರಿನ ಒಳ್ಳೆಯ ಏರಿಯಾದ ಒಂದು ಫ್ಲಾಟ್ ಇದನ್ನು ಸಲೀಸಾಗಿ ದಾಟುತ್ತದೆ. ವಹಿವಾಟುಗಳ ಸಂಖ್ಯೆಯ ವಿಷಯವೂ ಅಷ್ಟೇ. ಯುಪಿಐ ವಹಿವಾಟು 2023ರ ಆಗಸ್ಟ್‌ನಲ್ಲಿ ತಿಂಗಳಿಗೆ 1,000 ಕೋಟಿ ದಾಟಿತು. ಆ ಲೆಕ್ಕದಲ್ಲಿ 214 ಕೋಟಿ ಕ್ರಮಸಂಖ್ಯೆಗಳು ಒಂದು ವಾರದೊಳಗೆ ಖಾಲಿ.

2038ರಲ್ಲಿ ಏನೋ ಆಗುತ್ತದಂತೆ?

ಯುನಿಕ್ಸ್ ಪದ್ಧತಿಯ ಕಂಪ್ಯೂಟರುಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆದಿದೆ ಎಂದು ಎಣಿಸಿ ಸಮಯ ಹೇಳುತ್ತವೆ. ಹಳೆಯವು ಅದನ್ನು 32 ಬಿಟ್‌ನಲ್ಲಿ ಇಟ್ಟಿವೆ. 2147483647 ಸೆಕೆಂಡು ಎಂದರೆ 68 ವರ್ಷ ಮತ್ತು ಕೆಲವು ದಿನ. ಅದು ತುಂಬುವುದು 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಸರಿಮಾಡದ ಯಂತ್ರಗಳು 1901ರ ಡಿಸೆಂಬರ್‌ಗೆ ಹೋಗಿಬಿಡಬಹುದು.

ಹೊಸ ಫೋನು, ಲ್ಯಾಪ್‌ಟಾಪ್‌ಗಳು 64 ಬಿಟ್ ಸಮಯಕ್ಕೆ ಬಂದಿವೆ. ಲಿನಕ್ಸ್ 2020ರಲ್ಲಿ 32 ಬಿಟ್ ಯಂತ್ರಗಳಿಗೂ ದಾರಿ ಮಾಡಿಕೊಟ್ಟಿದೆ. ಭಯವಿರುವುದು ಯಾರೂ ಮುಟ್ಟದೆ ಗೋಡೆಗೆ ಮೊಳೆ ಹೊಡೆದು ಬಿಟ್ಟಿರುವ ಹಳೆಯ ಯಂತ್ರಗಳ ಬಗ್ಗೆ. 2038 ದೂರ ಎಂದುಕೊಳ್ಳಬೇಡಿ. 2019ರಲ್ಲಿ ತೆಗೆದ ಇಪ್ಪತ್ತು ವರ್ಷದ ಗೃಹಸಾಲದ ಕೊನೆಯ ಕಂತು ಆ ದಿನದಿಂದಾಚೆಗೇ ಇದೆ.

ಒಂದು ಸೋಜಿಗ. ಮೇಲೆ ಹೇಳಿದ ಲೂಕಾ 1883ರಲ್ಲಿ ಹನೋಯ್ ಗೋಪುರ ಎಂಬ ಆಟವನ್ನೂ ಹೊರತಂದ. ಅದರಲ್ಲಿ 31 ಬಿಲ್ಲೆಗಳ ಗೋಪುರವನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸಲು ಕನಿಷ್ಠ 2147483647 ನಡೆ ಬೇಕು. 1970ರ ಆ ಮೊದಲ ಗಳಿಗೆಯಲ್ಲಿ ಶುರುಮಾಡಿ ಸೆಕೆಂಡಿಗೆ ಒಂದರಂತೆ ನಡೆಸಿದ್ದರೆ, ಆಟ ಮುಗಿಯುವುದೂ 2038ರ ಅದೇ ಮಂಗಳವಾರ ಬೆಳಿಗ್ಗೆ.

ನಿಜವಾಗಿ ಯಾರಿಗಾದರೂ ಈ ಮಿತಿ ಅಡ್ಡ ಬಂದಿದೆಯೇ?

ಬೇಕಾದಷ್ಟು ಸಲ. 2014ರ ಡಿಸೆಂಬರ್‌ನಲ್ಲಿ ಕೊರಿಯಾದ ಗಾಯಕ ಸೈ ಅವರ ಗಂಗ್ನಮ್ ಸ್ಟೈಲ್ ವಿಡಿಯೊ ನೋಡಿದವರ ಲೆಕ್ಕ ಈ ಸಂಖ್ಯೆಯನ್ನು ಮೀರಿತು. ಎಣಿಕೆಯನ್ನು 64 ಬಿಟ್‌ಗೆ ಬದಲಿಸಿದ್ದಾಗಿ ಯೂಟ್ಯೂಬ್ ಹೇಳಿತು.

ಇನ್ನೊಂದು ಅಷ್ಟು ತಮಾಷೆಯದಲ್ಲ. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಕಗಳನ್ನು 248 ದಿನ ಒಂದೇ ಸಮನೆ ಆನ್ ಇಟ್ಟರೆ ಒಳಗಿನ ಎಣಿಕೆ ತುಂಬಿ ವಿದ್ಯುತ್ ಪೂರ್ತಿ ಹೋಗಬಹುದು ಎಂದು ಅಮೆರಿಕದ ವಿಮಾನಯಾನ ಆಡಳಿತ 2015ರಲ್ಲಿ ಎಚ್ಚರಿಸಿತು. ಸೆಕೆಂಡಿನ ನೂರನೇ ಒಂದು ಭಾಗಗಳಲ್ಲಿ ಎಣಿಸಿದರೆ 2³¹ ತುಂಬಲು ಹಿಡಿಯುವುದು 248 ದಿನ 13 ಗಂಟೆ. ಆಯ್ಲರ್‌ನ ಜರಡಿಯಲ್ಲೂ 248 ಇತ್ತು ಎಂದು ನೆನಪಾಯಿತೇ? ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು 8 × 31.

ಹಾಗಾದರೆ ಕಂಪ್ಯೂಟರಿನಲ್ಲಿ ಇದು ಅವಿಭಾಜ್ಯ ಎಂಬುದರಿಂದ ಲಾಭವೇ ಇಲ್ಲವೇ?

ಇದೆ. ಯಾದೃಚ್ಛಿಕ ಸಂಖ್ಯೆಗಳನ್ನು, ಅಂದರೆ ರ‍್ಯಾಂಡಮ್ ನಂಬರುಗಳನ್ನು ಹುಟ್ಟಿಸುವಾಗ. ಒಂದು ಸಂಖ್ಯೆ ತೆಗೆದುಕೊಂಡು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. ಮತ್ತೆ ಅದನ್ನೇ ಮಾಡಿ. 1ರಿಂದ ಶುರುಮಾಡಿದರೆ 16807, 282475249, 1622650073, 984943658 ಹೀಗೆ ಹೋಗುತ್ತದೆ. 16807 ಎಂದರೆ 7⁵. ಭಾಜಕ ಅವಿಭಾಜ್ಯವಾಗಿರುವುದರಿಂದ ಮತ್ತು ಗುಣಕವನ್ನು ಸರಿಯಾಗಿ ಆರಿಸಿರುವುದರಿಂದ, 1ರಿಂದ 2147483646ರವರೆಗಿನ ಪ್ರತಿ ಸಂಖ್ಯೆಯೂ ಒಂದೊಂದೇ ಸಲ ಬಂದು ಆಮೇಲಷ್ಟೇ ಸುತ್ತು ತಿರುಗುತ್ತದೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಇದನ್ನು ಕನಿಷ್ಠ ಮಾನದಂಡ ಎಂದು ಸೂಚಿಸಿದರು. ಸಿ++ ಭಾಷೆಯಲ್ಲಿ ಇಂದಿಗೂ ಇದೆ. ನೀವು ಬರೆದದ್ದು ಸರಿಯೇ ಎಂದು ನೋಡಲು 1ರಿಂದ ಶುರುಮಾಡಿ ಹತ್ತು ಸಾವಿರ ಸಲ ನಡೆಸಿ, 1043618065 ಬರಬೇಕು. ಪಾಸ್‌ವರ್ಡ್, ಓಟಿಪಿ ಮುಂತಾದವಕ್ಕೆ ಮಾತ್ರ ಇದನ್ನು ಬಳಸಲೇಬೇಡಿ. ಒಂದು ಸಂಖ್ಯೆ ಗೊತ್ತಾದರೆ ಮುಂದಿನದೆಲ್ಲ ಗೊತ್ತಾದ ಹಾಗೆ.

ಫ್ಲೋಟ್‌ನಲ್ಲಿ ಇಟ್ಟರೆ 2147483648 ಯಾಕೆ ಆಗುತ್ತದೆ?

ಫ್ಲೋಟ್ ಎಂದರೆ ದಶಮಾಂಶ ಸಂಖ್ಯೆಗಳನ್ನು ಇಡುವ ರೀತಿ. 32 ಬಿಟ್ ಫ್ಲೋಟ್‌ನಲ್ಲಿ ನಿಖರತೆಗೆ ಇರುವುದು 24 ಬಿಟ್ ಮಾತ್ರ. ಸಾಲಾಗಿ 31 ಒಂದುಗಳು ಹಿಡಿಸುವುದಿಲ್ಲ, ಹತ್ತಿರದ ಸಂಖ್ಯೆಗೆ ಸರಿಯುತ್ತದೆ.

ಅವಿಭಾಜ್ಯ ಎಂದು ನಾನೇ ಪರೀಕ್ಷಿಸಬಹುದೇ?

ಲಿನಕ್ಸ್ ಇದ್ದರೆ ಫ್ಯಾಕ್ಟರ್ ಎಂಬ ಕಮಾಂಡ್ ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ. ಆದರೆ ಅದರಲ್ಲಿ ಮಜಾ ಇಲ್ಲ. ಲೂಕಾ ಶುರುಮಾಡಿ ಲೆಹ್ಮರ್ ಚೊಕ್ಕ ಮಾಡಿದ ಪರೀಕ್ಷೆಯನ್ನು ಪ್ರಯತ್ನಿಸಿ. 4ರಿಂದ ಶುರು. ವರ್ಗ ಮಾಡಿ 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಬಂದರೆ ಅದು ಅವಿಭಾಜ್ಯ.

ಮೊದಲು 2⁵ − 1 = 31ಕ್ಕೆ ಮಾಡಿ ನೋಡಿ, ಮೂರೇ ಹೆಜ್ಜೆ. 4ರಿಂದ 14. 14ರ ವರ್ಗದಿಂದ 2 ಕಳೆದರೆ 194, ಶೇಷ 8. 8ರ ವರ್ಗದಿಂದ 2 ಕಳೆದರೆ 62, ಶೇಷ 0. ಆಯಿತು.

2147483647ಕ್ಕೆ 29 ಹೆಜ್ಜೆ. ಮೊದಲ ನಾಲ್ಕರಲ್ಲಿ ಭಾಗಿಸುವ ಕೆಲಸವೇ ಇಲ್ಲ: 14, 194, 37634, 1416317954. ಅಲ್ಲಿಂದ ಮುಂದೆ ವರ್ಗಗಳು 19 ಅಂಕಿಯವರೆಗೆ ಹೋಗುತ್ತವೆ. ಅಂಗಡಿಯ 12 ಅಂಕಿಯ ಕ್ಯಾಲ್ಕುಲೇಟರ್ ಸಾಲದು, ಪೈಥಾನ್ ಬಳಸಿ. ಸೊನ್ನೆಗೆ ಒಂದು ಹೆಜ್ಜೆ ಮುಂಚೆ 65536 ಅಥವಾ 2147418111, ಇವೆರಡರಲ್ಲಿ ಒಂದು ಬರಲೇಬೇಕು. ಬೇರೇನಾದರೂ ಬಂದರೆ ಎಲ್ಲೋ ಲೆಕ್ಕ ತಪ್ಪಿದೆ, ಮತ್ತೆ 14ರಿಂದ ನೋಡಿಕೊಂಡು ಬನ್ನಿ.